ಕೆಳಗಿನ ಮನೆಗೆ ಎಳ್ಳು

ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿರುವ ಕನ್ನಡದ ಹುಡುಗಿಯರು ಸಂಕ್ರಾಂತಿ ಹತ್ತಿರ ಬಂತೆಂದರೆ ನನ್ನ ಅಡುಗೆಮನೆಗೆ ಮುತ್ತಿಗೆ ಹಾಕುತ್ತಾರೆ. ಎಲ್ಲರೂ ದೊಡ್ಡ ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡುವವರು, ನನ್ನಂಥವಳನ್ನು ಮಾತಿನಲ್ಲೇ ಮಾರಿ ಬರುವಂಥವರು. ಆದರೆ ಸಕ್ಕರೆ ಅಚ್ಚಿನ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತಾರೆ. ಪಾಕ ಬೆಳ್ಳಗಾಗುವ ಗಳಿಗೆಯನ್ನು ಮೊಬೈಲಿನಲ್ಲಿ ಹಿಡಿಯಲು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಅಚ್ಚು ಬಿಚ್ಚಿ ಗಿಳಿಯನ್ನು ಕೊಕ್ಕು ಮುರಿಯದಂತೆ ಹೊರಗೆ ತೆಗೆದಾಗ, 'ಆಂಟಿ, ನಿಮ್ಮ ಕೈಯಲ್ಲಿ ಏನೋ ಇದೆ ಕಣ್ರೀ' ಅನ್ನುತ್ತಾರೆ. ಹೊಗಳಿಕೆ ಯಾರಿಗೆ ಬೇಡ? ನನಗೂ ಬೇಕು. ಆದರೂ ಆ ಹೊತ್ತಿಗೆ ನನ್ನ ಮುಖ ಬಿಸಿಯಾಗುತ್ತದೆ, ಏನೋ ನೆಪ ಹೇಳಿ ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ. ಅವರು ಅದನ್ನು ವಿನಯ ಅಂದುಕೊಂಡಿದ್ದಾರೆ. ಅದು ವಿನಯವಲ್ಲ, ನಾಚಿಕೆ. ನನ್ನ ಬಾಲ್ಯಕ್ಕೆ ಒಂದು ರುಚಿ ಇದ್ದರೆ ಅದು ಬೆಲ್ಲದ್ದು, ಆ ಬೆಲ್ಲವನ್ನು ನಾನು ನಾಚಿಕೆಯಿಲ್ಲದೆ ತಿಂದದ್ದೇ ಕಡಿಮೆ.

ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ದಕ್ಷಿಣ ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮೇಲಿನ ಮಹಡಿಯ ಮನೆ ನಮ್ಮದು. ಎರಡು ಕೋಣೆ, ಒಂದು ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡ ಒಂದು ಕಿರಿದಾದ ಬಾಲ್ಕನಿ. ಸುಣ್ಣ ಹೊಡೆದ ಗೋಡೆಗೆ ಒರಗಿದರೆ ಬೆನ್ನು ಬೆಳ್ಳಗಾಗುತ್ತಿತ್ತು. ಅಮ್ಮ ಮಂಡ್ಯದ ಕಡೆಯವಳು, ಮದುವೆಯಾಗಿ ನೇರವಾಗಿ ಈ ಮನೆಗೆ ಬಂದಿಳಿದವಳು. ಅವಳಿಗೆ ಹಿಂದಿ ಕೊನೆಗೂ ಬರಲಿಲ್ಲ ಅನ್ನುವುದಕ್ಕಿಂತ, ಹಿಂದಿಗೆ ಅವಳು ಒಗ್ಗಲಿಲ್ಲ ಅನ್ನಬೇಕು. ತರಕಾರಿಯ ಭಯ್ಯಾನ ಹತ್ತಿರ ಬೆರಳು ತೋರಿಸಿ ವ್ಯಾಪಾರ ಮಾಡುತ್ತಿದ್ದಳು, ಅವನು ಏನಾದರೂ ಹೆಚ್ಚು ಮಾತಾಡಿದರೆ 'ಪುಟ್ಟೀ, ಬಾರೇ ಇಲ್ಲಿ' ಎಂದು ಬಾಲ್ಕನಿಯ ಕಡೆ ಮುಖಮಾಡಿ ಕೂಗುತ್ತಿದ್ದಳು. ಇಡೀ ಬ್ಲಾಕಿಗೆ ಕೇಳುವಂತೆ ಕೂಗುತ್ತಿದ್ದಳು. ನಾನು ಮೆಟ್ಟಿಲಿಳಿದು ಹೋಗಿ ಅವಳ ಬಾಯಿಯಾಗಬೇಕಿತ್ತು. ಶಾಲೆಯಲ್ಲಿ ನನ್ನ ಹಿಂದಿ ಕೇಳಿ ಯಾರೂ ನನ್ನನ್ನು ಮದರಾಸಿ ಎನ್ನುತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು ಗಳಿಸಿಕೊಂಡಿದ್ದ ಮರ್ಯಾದೆ ಆ ಒಂದು ಕೂಗಿಗೆ ಮಣ್ಣುಪಾಲಾಗುತ್ತಿತ್ತು.

ಮಾತು ಬಾರದ ಅಮ್ಮ ಡಬ್ಬಿಗಳ ಮೂಲಕ ಮಾತಾಡುತ್ತಿದ್ದಳು. ಗೌರಿಗೆ ಕಜ್ಜಾಯ, ಗೋಕುಲಾಷ್ಟಮಿಗೆ ಚಕ್ಕುಲಿ, ಯುಗಾದಿಗೆ ಒಬ್ಬಟ್ಟು. ಬ್ಲಾಕಿನ ಬೇರೆ ಮನೆಗಳಿಂದ ದೀಪಾವಳಿಗೆ ಬರುತ್ತಿದ್ದುದು ಅಂಗಡಿಯ ಡಬ್ಬ, ಮೇಲೆ ಬಣ್ಣದ ಕಾಗದ, ಒಳಗೆ ಯಾರ ಮನೆಯಿಂದ ಯಾರ ಮನೆಗೆ ಸುತ್ತಿ ಬಂದಿದೆಯೋ ದೇವರಿಗೇ ಗೊತ್ತಿರುವ ಸೋನ್ ಪಾಪ್ಡಿ. ಅಮ್ಮ ಅದಕ್ಕೆ ಪ್ರತಿಯಾಗಿ ಸ್ಟೀಲ್ ಡಬ್ಬಿಯಲ್ಲಿ ಕಜ್ಜಾಯ ಕಳಿಸುತ್ತಿದ್ದಳು. ಎಣ್ಣೆಯ ಜಿಡ್ಡಿನ, ಕಂದು ಬಣ್ಣದ ಕಜ್ಜಾಯ. ಡಬ್ಬಿ ತೆಗೆದವರು ಒಳಗೆ ನೋಡಿ 'ಅಚ್ಛಾ...' ಎಂದು ಎಳೆಯುತ್ತಿದ್ದರು. ಆ ಎಳೆತದ ಅರ್ಥ ನನಗೆ ತಿಳಿಯುತ್ತಿತ್ತು, ಅಮ್ಮನಿಗೆ ತಿಳಿಯುತ್ತಿರಲಿಲ್ಲ. 'ಏನಂದ್ರು?' ಎಂದು ಕೇಳುತ್ತಿದ್ದಳು. 'ಅಚ್ಛಾ ಅಂದ್ರು' ಎನ್ನುತ್ತಿದ್ದೆ. ಅವಳಿಗೆ ಅಷ್ಟು ಸಾಕಿತ್ತು. ಅವಳಿಗೆ ಬೇಕಾದದ್ದು ಒಂದೇ: ಮಧ್ಯಾಹ್ನದ ಬಿಸಿಲಿಗೆ ಕೆಳಗಿನ ಪಾರ್ಕಿನಲ್ಲಿ ಚಾಪೆ ಹಾಸಿಕೊಂಡು ಬಟಾಣಿ ಸುಲಿಯುತ್ತ, ಸ್ವೆಟರ್ ಹೆಣೆಯುತ್ತ ಕೂರುವ ಆ ಹೆಂಗಸರು ಒಂದು ದಿನ ತಾವಾಗಿಯೇ ಜರುಗಿ ಅವಳಿಗೆ ಜಾಗ ಕೊಡಬೇಕು. ಅವರಲ್ಲಿ ಮುಖ್ಯವಾದವಳು ಕೆಳಗಿನ ಮನೆಯ ದಾದಿ, ಅಂದರೆ ನನ್ನ ಗೆಳತಿ ರಿಂಕಿಯ ಅಜ್ಜಿ. ಬನಾರಸಿನ ಆಚೆಯವರು, ತ್ರಿಪಾಠಿಗಳು, ಮಡಿಹುಡಿಯ ಜನ. ಬಿಳಿ ಸೀರೆಯ ದಾದಿ ಯಾರಿಗೆ ತಲೆಯಾಡಿಸುತ್ತಾಳೋ ಅವರಿಗೆ ಚಾಪೆಯ ಮೇಲೆ ಜಾಗ.

ಅಮ್ಮ ತನ್ನ ಆಸೆಯನ್ನೆಲ್ಲ ಇಟ್ಟುಕೊಂಡಿದ್ದು ಸಂಕ್ರಾಂತಿಯ ಮೇಲೆ. ಎಳ್ಳು ಬೀರುವುದು ನಮ್ಮಲ್ಲಿ ಹೆಂಗಸರ ಹಬ್ಬ, ಮನೆಮನೆಗೆ ಹೋಗಿ ಕೊಟ್ಟು ಬರುವುದೇ ಅದರ ಸೊಗಸು. ದೆಹಲಿಯ ಬೆಲ್ಲ ಮೆತ್ತಗೆ, ಅಡಕತ್ತರಿಗೆ ಸಿಕ್ಕುವುದಿಲ್ಲ. ಹಾಗಾಗಿ ಊರಿಂದ ರೈಲಿನಲ್ಲಿ ಬರುವ ಯಾರ ಕೈಯಲ್ಲಾದರೂ ಅಚ್ಚುಬೆಲ್ಲ ತರಿಸುತ್ತಿದ್ದಳು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ತೆಳ್ಳಗೆ ಹೆಚ್ಚುವುದು, ಬೆಲ್ಲವನ್ನು ಕಡಲೆಕಾಳಿನಷ್ಟು ತುಂಡು ಮಾಡುವುದು, ಹುರಿದ ಶೇಂಗಾದ ಸಿಪ್ಪೆ ಉಜ್ಜಿ ಊದುವುದು. ಮಂಜು ಮುಸುಕಿ ಬಿಸಿಲೇ ಬಾರದ ಊರಿನಲ್ಲಿ ಕೊಬ್ಬರಿ ಒಣಗಿಸಲು ಅವಳು ಪಟ್ಟ ಪಾಡು ಹೇಳತೀರದು. ಸಕ್ಕರೆ ಅಚ್ಚಿನದು ಇನ್ನೊಂದು ಕಥೆ. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಕಾಯಿಸಿ, ನಿಂಬೆರಸದ ಹನಿ ಹಾಕಿ, ಬಾಣಲೆಯ ಬದಿಗೆ ಉಜ್ಜಿ ಉಜ್ಜಿ ತಿರುವಿ, ಬೆಳ್ಳಗಾಗುತ್ತಿದ್ದಂತೆ ಅಚ್ಚಿಗೆ ಸುರಿಯಬೇಕು. ದೆಹಲಿಯ ಚಳಿಗೆ ಅದು ಬಾಣಲೆಯಲ್ಲೇ ಕಲ್ಲಾಗುತ್ತಿತ್ತು. ಅಮ್ಮ ಮರದ ಅಚ್ಚುಗಳನ್ನು ಬಿಸಿನೀರಿನಲ್ಲಿ ಅದ್ದಿಟ್ಟು, ಸುರಿಯುವ ಮುನ್ನ ನನ್ನ ಕೈಗೆ ಎಸೆಯುತ್ತಿದ್ದಳು. ನಾನು ಒರೆಸಿ, ಎರಡು ಹೋಳು ಸೇರಿಸಿ, ದಾರ ಬಿಗಿದು ಹಿಡಿಯುತ್ತಿದ್ದೆ. ಕೈ ಚುರ್ರೆನ್ನುತ್ತಿತ್ತು. 'ಅಲ್ಲಾಡಿಸಬೇಡ್ವೇ, ಆನೆ ಸೊಂಡಿಲು ಹೋಗತ್ತೆ!' ಎಂದು ಬೈಯುತ್ತಿದ್ದಳು. ನಾನು ಕಲಿತದ್ದು ಹೀಗೆ, ಬೈಸಿಕೊಂಡು.

ಬ್ಲಾಕಿನಲ್ಲಿ ಎಳ್ಳು ಬೀರಲು ಹೊರಟ ಮೊದಲ ವರ್ಷ ಅವಳು ನನಗೆ ರೇಷ್ಮೆ ಲಂಗ ಉಡಿಸಿ, ಮೇಲೆ ಶಾಲೆಯ ನೀಲಿ ಸ್ವೆಟರ್ ತೊಡಿಸಿ, ತಾನೂ ಮದುವೆಯ ಸೀರೆಯುಟ್ಟು, ತಟ್ಟೆ ಹಿಡಿದು ಕೆಳಗಿಳಿದಳು. ನನಗೆ ಭೂಮಿ ಬಾಯಿಬಿಡಲಿ ಅನ್ನಿಸಿತ್ತು. ತ್ರಿಪಾಠಿಯವರ ಬಾಗಿಲು ತೆಗೆದವಳು ದಾದಿಯೇ. ಅಮ್ಮ ನಗುತ್ತ ತಟ್ಟೆ ಮುಂದೆ ಹಿಡಿದಳು. ದಾದಿ ತಟ್ಟೆಯನ್ನೂ ಅಮ್ಮನನ್ನೂ ನೋಡಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

'ತಿಲ್? ಹಮ್ ದಾನ್ ನಹೀಂ ಲೇತೇ.'

ಎಳ್ಳಾ? ನಾವು ದಾನ ತಗೊಳ್ಳುವುದಿಲ್ಲ. ದಾನ ಅನ್ನುವ ಮಾತಿಗೆ ಅನುವಾದ ಬೇಕಿರಲಿಲ್ಲ. ಅವರ ಕಡೆ ಸಂಕ್ರಾಂತಿಯ ದಿನ ಎಳ್ಳು ಕೊಡುವುದೆಂದರೆ ದಾನ, ಪಾಪ ಕಳೆಯಲು ಕೊಡುವ ದಾನ. ಹಾಗೆ ಎಳ್ಳು ಇಸಿದುಕೊಳ್ಳುವ ಬ್ರಾಹ್ಮಣರೇ ಬೇರೆ, ತಾವು ಅಂಥವರಲ್ಲ. ಇದು ನನಗೆ ಗೊತ್ತಾದದ್ದು ಎಷ್ಟೋ ಆಮೇಲೆ. ಆಗ ಕಂಡದ್ದು ಅಮ್ಮನ ಕಿವಿ ಕೆಂಪಾದದ್ದು ಮಾತ್ರ.

'ದಾನ ನಹೀಂ, ದಾನ ನಹೀಂ... ಪುಟ್ಟೀ, ಹೇಳೇ, ಇದು ಹಬ್ಬಕ್ಕೆ ಪ್ರೀತಿಯಿಂದ ಕೊಡೋದು ಅಂತ.'

ಹೇಳಿದೆ. ನನ್ನ ಒಳ್ಳೆಯ ಹಿಂದಿಯಲ್ಲಿ, ನೆಲ ನೋಡುತ್ತ ಹೇಳಿದೆ. ದಾದಿ ಒರಟಾಗಲಿಲ್ಲ. 'ತಿಲ್ ತೋ ತಿಲ್ ಹೈ, ಬೇಟಾ', ಎಳ್ಳು ಅಂದರೆ ಎಳ್ಳೇ ಮಗೂ, ಎಂದು ಮೆಲ್ಲಗೆ ಬಾಗಿಲು ಮುಂದೆ ಮಾಡಿದಳು. ಅಮ್ಮ ಬೇರೆ ಮನೆಗಳಿಗೆ ಹೋಗಲಿಲ್ಲ. ಮೇಲೆ ಬಂದು ಸೀರೆ ಬದಲಿಸಿ, ಎಳ್ಳನ್ನು ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿದಳು. ಸಂಜೆ ಅಪ್ಪ ಬಂದು ವಿಷಯ ತಿಳಿದು, 'ನಿನಗೆ ಯಾಕೆ ಬೇಕಿತ್ತು ಈ ಉಸಾಬರಿ? ಇಲ್ಲಿ ಅಂಗಡಿ ಡಬ್ಬ ಕೊಟ್ರೆ ಮುಗೀತು' ಎಂದರು. ಅವರಿಗೂ ಅವಮಾನವಾಗಿತ್ತು, ಅವರು ಅದನ್ನು ಸಿಟ್ಟಿನಲ್ಲಿ ತೋರಿಸುತ್ತಿದ್ದರು. ನಾವು ಮಾರ್ಚ್ ತಿಂಗಳವರೆಗೆ ಆ ಎಳ್ಳು ತಿಂದೆವು. ಪಾರ್ಕಿನ ಕಡೆ ಅಮ್ಮ ತಲೆ ಹಾಕಲಿಲ್ಲ. ಬಟ್ಟೆ ಒಣಹಾಕುವಾಗ ಬಾಲ್ಕನಿಯಿಂದ ಆ ಚಾಪೆಯನ್ನು ನೋಡುತ್ತ ನಿಲ್ಲುತ್ತಿದ್ದಳು, ಯಾರಾದರೂ ತಲೆಯೆತ್ತಿದರೆ ತಟ್ಟನೆ ಒಳಗೆ ಬರುತ್ತಿದ್ದಳು.

ಮುಂದಿನ ಸಂಕ್ರಾಂತಿಗೆ ಅವಳು ಎಳ್ಳು ಹುರಿದಳು, ಆದರೆ ಮನೆಯ ಮಟ್ಟಿಗೆ. ಅವತ್ತು ಬೆಳಿಗ್ಗೆ ಚಳಿಗಾಲದ ರಜೆಯಾದ್ದರಿಂದ ನಾನು ರಿಂಕಿಯ ಮನೆಯಲ್ಲಿದ್ದೆ. ಅಲ್ಲಿ ಆಡಲು ನನಗೆ ಅಡ್ಡಿಯಿರಲಿಲ್ಲ, ಅಡುಗೆಮನೆಗೆ ಮಾತ್ರ ಪ್ರವೇಶವಿರಲಿಲ್ಲ. ನಡುಮನೆಯಲ್ಲಿ ಒಂದು ದೊಡ್ಡ ಹಿತ್ತಾಳೆ ತಟ್ಟೆ. ಅದರಲ್ಲಿ ಅಕ್ಕಿಯ ರಾಶಿ, ಕಪ್ಪು ಉದ್ದಿನಬೇಳೆ, ಎಳ್ಳುಂಡೆ, ಅರಿಸಿನದ ಕೊಂಬು, ಮೇಲೊಂದು ನಾಣ್ಯ. ಮನೆಯವರೆಲ್ಲ ಸ್ನಾನ ಮಾಡಿ ಬಂದು ಒಬ್ಬೊಬ್ಬರಾಗಿ ಆ ಅಕ್ಕಿಯನ್ನು ಮುಟ್ಟಿ ಕೈಮುಗಿಯುತ್ತಿದ್ದರು. ಮುಟ್ಟಿದವರ ದೋಷವೆಲ್ಲ ಅದರ ಜೊತೆ ಹೋಗುತ್ತದಂತೆ. ಪ್ರತಿ ವರ್ಷ ದೇವಸ್ಥಾನದ ಪಂಡಿತರು ಬಂದು ಅದನ್ನು ಚೀಲಕ್ಕೆ ಸುರಿದುಕೊಂಡು ಹೋಗುತ್ತಿದ್ದರು. ಆ ವರ್ಷ ಅವರಿಗೆ ಜ್ವರ. ರಿಂಕಿ ಬಾಗಿಲ ಹತ್ತಿರ ನನ್ನ ಕಿವಿಯಲ್ಲಿ ಹೇಳಿದಳು:

'ದಾದೀ ಬೋಲೀ, ಊಪರ್ ವಾಲೇ ಭೀ ತೋ ಬ್ರಾಹ್ಮಣ್ ಹೈಂ. ವೋ ಲೇ ಲೇಂಗೇ.'

ಮೇಲಿನ ಮನೆಯವರು, ಅಂದರೆ ನಾವು. ನಾವು ತಗೊಳ್ಳುತ್ತೇವೆ. ಅವಳು ಅದನ್ನು ಒಂದು ಒಳ್ಳೆಯ ಸುದ್ದಿ ಎಂಬಂತೆ ಹೇಳಿದಳು. ನಾನು ಮೆಟ್ಟಿಲು ಹತ್ತಿ ಓಡಿದೆ. ಅಮ್ಮನಿಗೆ ಹೇಳಬೇಕು, ಬಾಗಿಲು ತೆಗೆಯಬೇಡ ಅನ್ನಬೇಕು. ಅಮ್ಮ ಸ್ನಾನದ ಮನೆಯಲ್ಲಿದ್ದಳು. ಅವಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಹೊರಬರುವುದಕ್ಕೂ ಬೆಲ್ ಆಗುವುದಕ್ಕೂ ಸರಿಹೋಯಿತು. ಬಾಗಿಲಲ್ಲಿ ರಿಂಕಿಯ ತಾಯಿ ತ್ರಿಪಾಠಿ ಆಂಟಿ, ತಲೆಯ ಮೇಲೆ ಸೆರಗು, ಕೈಯಲ್ಲಿ ಆ ಹಿತ್ತಾಳೆ ತಟ್ಟೆ.

'ದೀದಿ, ಅಮ್ಮಾಜೀ ನೇ ಭೇಜಾ ಹೈ' ಎಂದಳು. ಅತ್ತೆ ಕಳಿಸಿದ್ದಾರೆ.

ಅಮ್ಮ ತಟ್ಟೆ ನೋಡಿದಳು. ಅಕ್ಕಿ, ಬೇಳೆ, ಅರಿಸಿನ, ಎಳ್ಳುಂಡೆ, ನಾಣ್ಯ. ನಮ್ಮ ಕಡೆ ಬಾಗಿನದಲ್ಲೂ ಇವೇ ಇರುತ್ತವೆ, ತಾಂಬೂಲದ ಮೇಲೂ ನಾಣ್ಯ ಇಡುತ್ತೇವೆ. ಒಂದು ವರ್ಷದ ಮೇಲೆ ಕೆಳಗಿನ ಮನೆಯಿಂದ ತನಗೆ ಬಾಗಿನ ಬಂದಿದೆ! ಅವಳ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಸೆರಗು ಒಡ್ಡಿ ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡಳು. 'ಆವೋ, ಆವೋ' ಎಂದು ಆಂಟಿಯನ್ನು ಒಳಗೆಳೆದು ಅರಿಸಿನ ಕುಂಕುಮ ಕೊಟ್ಟಳು. ಆಂಟಿ ಗಲಿಬಿಲಿಯಾಗಿ ಕುಂಕುಮ ಹಚ್ಚಿಸಿಕೊಂಡು, ಬಗ್ಗಿ ಅಮ್ಮನ ಕಾಲು ಮುಟ್ಟಿದಂತೆ ಮಾಡಿ ಹೊರಟುಹೋದಳು. ಅದನ್ನೂ ಅಮ್ಮ ಸ್ನೇಹವೆಂದೇ ತಿಳಿದಳು.

'ಅಮ್ಮಾ, ಅದು...' ಎಂದೆ.

'ನೋಡಿದ್ಯೇನೇ? ಹೋದ ವರ್ಷ ಹಾಗಂದುಬಿಟ್ನಲ್ಲ ಅಂತ ಆ ಅಜ್ಜಿಗೆ ಮನಸ್ಸಿಗೆ ಬಂದಿದೆ ಕಣೇ. ಪಾಪ, ದೊಡ್ಡವರು, ಬಾಯಿಬಿಟ್ಟು ಹೇಳಕ್ಕೆ ಆಗತ್ತಾ?'

ಆ ಮುಖಕ್ಕೆ ಹೇಗೆ ಹೇಳಲಿ? ಅಮ್ಮ ಆ ಅಕ್ಕಿಯನ್ನೇ ತೊಳೆದು ಒಲೆಗೆ ಹಾಕಿದಳು. 'ಅವರ ಅಕ್ಕಿ, ನಮ್ಮೂರ ಬೆಲ್ಲ, ಎರಡೂ ಸೇರಲಿ' ಎಂದು ಹೆಸರುಬೇಳೆ ಹುರಿದು, ತುಪ್ಪ ಸುರಿದು, ಗೋಡಂಬಿ ಕೊಬ್ಬರಿ ಏಲಕ್ಕಿ ಹಾಕಿ ಸಿಹಿ ಹುಗ್ಗಿ ಮಾಡಿದಳು. ಅಡುಗೆ ಮಾಡುತ್ತ ಹಾಡಿಕೊಳ್ಳುತ್ತಿದ್ದಳು. ನನಗೆ ಆ ಘಮ ಹಿಡಿಸದಾಗಿತ್ತು. ತಗೊಂಡದ್ದು ತಗೊಂಡಾಯಿತು, ತಿಂದು ಮುಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ಆದರೆ ನಮ್ಮ ಮನೆಯಲ್ಲಿ ಬೇರೆಯವರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವ ಪದ್ಧತಿ ಇಲ್ಲ. ಅಮ್ಮ ಹಿತ್ತಾಳೆ ತಟ್ಟೆಯನ್ನು ಹುಣಿಸೇಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡಿ, ಅದರ ತುಂಬ ಹುಗ್ಗಿ ಹಾಕಿ, ನನ್ನ ಕೈಗಿತ್ತಳು.

'ಬಿಸಿ ಇರುವಾಗಲೇ ಕೊಟ್ಟು ಬಾ. ಅಜ್ಜಿ ಕೈಗೇ ಕೊಡು.'

'ನಾನು ಹೋಗಲ್ಲ.'

'ಯಾಕೆ, ಏನು ಬಂತು ನಿನಗೆ? ನಾಚಿಕೆನಾ? ನಮ್ಮನ್ನ ಕಂಡ್ರೆ ಯಾವಾಗ್ಲೂ ನಾಚಿಕೆ ನಿನಗೆ.'

ಅವಳಿಗೆ ಎಲ್ಲ ಗೊತ್ತಿತ್ತು, ನನ್ನ ಬಗ್ಗೆ. ನಾನು ತಟ್ಟೆ ಹಿಡಿದು ಇಳಿದೆ. ಕೊಟ್ಟ ದಾನವನ್ನು ಕೊಟ್ಟವರಿಗೇ ಬೇಯಿಸಿ ಉಣ್ಣಿಸಲು ಹೊರಟಿದ್ದೆ. ಯಾವ ದೋಷವನ್ನು ಮನೆಯಿಂದ ಹೊರಗೆ ಕಳಿಸಿದ್ದರೋ ಅದನ್ನೇ ತುಪ್ಪ ಹಾಕಿ ವಾಪಸ್ ಒಯ್ಯುತ್ತಿದ್ದೆ. ಹತ್ತು ವರ್ಷದ ಹುಡುಗಿಗೂ ಅದು ಸರಿಯಲ್ಲ ಎಂದು ತಿಳಿಯುತ್ತದೆ.

ಬಾಗಿಲು ತೆಗೆದ ದಾದಿ ತಟ್ಟೆಯನ್ನು ಗುರುತಿಸಿದಳು. ಕೈ ಚಾಚಿದವಳು ಅರ್ಧದಲ್ಲಿ ನಿಲ್ಲಿಸಿ ಕೇಳಿದಳು:

'ಯೇ ಚಾವಲ್ ಕಹಾಂ ಕಾ ಹೈ?' ಇದು ಎಲ್ಲಿಯ ಅಕ್ಕಿ?

'ಆಪ್ ಹೀ ಕಾ ಹೈ, ದಾದೀಜೀ' ಎಂದೆ. ನಿಮ್ಮದೇ ಅಕ್ಕಿ. ಸುಳ್ಳು ಹೇಳಲು ಹೊಳೆಯಲೇ ಇಲ್ಲ.

ದಾದಿಯ ಕೈ ಸೆರಗಿನೊಳಗೆ ಹೋಯಿತು. ನನ್ನ ಮುಖವನ್ನೇ ದಿಟ್ಟಿಸಿ, 'ಮಾ ಕೋ ಪತಾ ನಹೀಂ ಥಾ?' ಎಂದಳು. ನಿನ್ನ ತಾಯಿಗೆ ಅದು ದಾನವೆಂದು ಗೊತ್ತಿರಲಿಲ್ಲವೆ? ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಬಾಗಿಲಿಗೆ ಒರಗಿಕೊಂಡಳು. ಆಮೇಲೆ ನನ್ನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದಳು, ನಾನು ಎಂದೂ ಕಾಲಿಡದ ಆ ಅಡುಗೆಮನೆಗೆ. ಮಣೆ ಹಾಕಿ ಕೂರಿಸಿದಳು. ತಟ್ಟೆಯನ್ನು ನನ್ನ ಮುಂದಿಟ್ಟು, ಚಮಚದಲ್ಲಿ ತುತ್ತು ತುತ್ತಾಗಿ ನನಗೆ ತಿನ್ನಿಸತೊಡಗಿದಳು. ತಾನು ತಿನ್ನುವಂತಿಲ್ಲ, ಚೆಲ್ಲಿದರೆ ಅಮ್ಮನಿಗೆ ನೋವು. ಅವಳಿಗೆ ತೋಚಿದ ದಾರಿ ಅದು ಅಂತ ಈಗ ಅನ್ನಿಸುತ್ತದೆ. 'ಖಾ ಲೇ ಬೇಟಾ, ಖಾ ಲೇ' ಎನ್ನುತ್ತಿದ್ದಳು, ದನಿ ಮೃದುವಾಗಿತ್ತು. ಕೊಟ್ಟದ್ದನ್ನೆಲ್ಲ ನುಂಗಿದೆ. ಅಮ್ಮ ಅಷ್ಟು ಚೆನ್ನಾಗಿ ಹುಗ್ಗಿ ಮಾಡಿದ್ದು ಮತ್ತೆ ನೆನಪಿಲ್ಲ. ರಿಂಕಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ನನಗೆ ಹೊಟ್ಟೆ ಬಿರಿಯುವಂತಾಗಿ, ಇನ್ನು ಆಗುವುದಿಲ್ಲ ಎಂದಾಗ ದಾದಿ ಚಮಚ ಕೆಳಗಿಟ್ಟು, ನೀರು ತಂದು ನನ್ನ ಬಾಯಿ ಒರೆಸಿದಳು. ಆಮೇಲೆ ಮೊಣಕಾಲೂರಿ, ನಾನು ತಡೆಯುವ ಮೊದಲೇ, ನನ್ನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕೈಯಲ್ಲೊಂದು ನಾಣ್ಯ ಇಟ್ಟು ಬೆರಳು ಮಡಿಸಿದಳು.

ಅವರ ಕಡೆ ಹೆಣ್ಣುಮಗುವಿಗೆ ಊಟ ಬಡಿಸಿ ಕಾಲು ಮುಟ್ಟುವುದು ಇದೆ, ದೇವಿಯೆಂದು. ನನಗೆ ಗೊತ್ತಿದ್ದುದು ಬೇರೆ: ದೊಡ್ಡವರು ಚಿಕ್ಕವರ ಕಾಲು ಮುಟ್ಟಿದರೆ ಚಿಕ್ಕವರ ಆಯಸ್ಸು ಕಡಿಮೆಯಾಗುತ್ತದೆ. ಹೆದರಿ ಮೇಲೆ ಓಡಿದೆ. ಅದು ಅಕ್ಕರೆಯೋ, ಇನ್ನೊಂದು ದಾನವೋ ನನಗೆ ಇವತ್ತಿಗೂ ತಿಳಿದಿಲ್ಲ. ಎರಡೂ ಇರಬಹುದು.

'ತಿಂದ್ರೇನೇ? ಏನಂದ್ರು?' ಅಮ್ಮ ಬಾಗಿಲಲ್ಲೇ ಕಾದಿದ್ದಳು.

'ಅಮ್ಮಾ, ಆ ಅಜ್ಜಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡ್ಬಿಟ್ರು. ನಾನು ಸತ್ತುಹೋಗ್ತೀನಾ?'

ಅಳುತ್ತ ಮುಷ್ಟಿ ಬಿಚ್ಚಿದೆ. ಅಮ್ಮ ನಾಣ್ಯ ನೋಡಿದಳು. ನನ್ನ ಕೆನ್ನೆಯ ಮೇಲಿದ್ದ ತುಪ್ಪದ ಜಿಡ್ಡು ನೋಡಿದಳು. ನಾಣ್ಯ ಇಟ್ಟು ಕಾಲು ಮುಟ್ಟುವುದು ದಾನ ತಗೊಂಡವರಿಗೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಳಿಗ್ಗೆ ಆಂಟಿ ತನ್ನ ಕಾಲ ಕಡೆ ಬಗ್ಗಿದ್ದೂ ನೆನಪಾಗಿರಬೇಕು.

'ಅದು ದಾನ ಅಂತ ನಿನಗೆ ಗೊತ್ತಿತ್ತಾ?'

'ರಿಂಕಿ ಹೇಳಿದ್ಳು. ಬೆಳಿಗ್ಗೆ.'

ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಒಲೆಯ ಮೇಲೆ ಇನ್ನೂ ಅರ್ಧ ಪಾತ್ರೆ ಹುಗ್ಗಿಯಿತ್ತು, ಅದಕ್ಕೆ ತಟ್ಟೆ ಮುಚ್ಚಿದಳು. ನೆಲದ ಮೇಲೆ ಕೂತಳು. ಕೂತವಳು ಎದ್ದು ಮುಖ ತೊಳೆದು, ಕುಂಕುಮ ತಿದ್ದಿಕೊಂಡು, ನನ್ನ ಕೈ ಹಿಡಿದಳು. 'ದೊಡ್ಡವರು ನಮಸ್ಕಾರ ಮಾಡಿದ್ರೆ ಇಟ್ಕೋಬಾರದು. ತಿರುಗಿ ಮಾಡಿ ಬರಬೇಕು. ನಡಿ.'

ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಪಾರ್ಕಿನಲ್ಲಿ ಚಾಪೆ ಹಾಸಿತ್ತು. ದಾದಿ ಅಷ್ಟರಲ್ಲಿ ಹೊರಗೆ ಬಂದು ಹೆಂಗಸರ ನಡುವೆ ಕೂತಿದ್ದಳು. ಅಮ್ಮ ನನ್ನನ್ನು ಎಳೆದುಕೊಂಡು ಹುಲ್ಲಿನ ಮೇಲೆ ನೇರವಾಗಿ ನಡೆದು, ಚಾಪೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟಳು. ನಾಣ್ಯವನ್ನು ದಾದಿಯ ಮುಂದಿಟ್ಟಳು. ಅವಳ ಬಾಯಿಂದ ಹಿಂದಿಯ ಒಂದು ಅಕ್ಷರವೂ ಹೊರಡಲಿಲ್ಲ. ಮಂಡಿಯೂರಿ, ಎರಡೂ ಕೈ ಚಾಚಿ, ದಾದಿಯ ಪಾದದ ಮೇಲೆ ಹಣೆಯಿಟ್ಟಳು. ತನ್ನ ಅತ್ತೆಗೆ ಮಾಡುತ್ತಿದ್ದ ಹಾಗೆ. ದಾನ ತಗೊಂಡವರು ಕೊಟ್ಟವರ ಕಾಲಿಗೆ ಬೀಳುವುದಿಲ್ಲ; ಬಿದ್ದರೆ ಅದು ದಾನವಾಗಿ ಉಳಿಯುವುದಿಲ್ಲ. ಅದು ಎಲ್ಲರಿಗಿಂತ ಚೆನ್ನಾಗಿ ದಾದಿಗೆ ಗೊತ್ತಿತ್ತು. 'ಅರೇ, ಅರೇ, ಬಹೂ...' ಎಂದು ಸೊಸೆಯನ್ನು ಕರೆಯುವಂತೆ ಕರೆದು ಕಾಲು ಹಿಂದೆಳೆದುಕೊಳ್ಳಲು ನೋಡಿದಳು. ಅಮ್ಮ ಬಿಡಲಿಲ್ಲ. ಹೆಣಿಗೆ ಕಡ್ಡಿಗಳು ನಿಂತವು. ದಾದಿಯ ಕೈ ಗಾಳಿಯಲ್ಲಿ ತಡೆದು, ಕೊನೆಗೆ ಅಮ್ಮನ ಒದ್ದೆ ಕೂದಲ ಮೇಲೆ ಇಳಿಯಿತು. ಮುದುಕಿಯ ಕಣ್ಣು ತುಂಬಿತ್ತು. ಚಾಪೆಯ ಮೇಲೆ ಯಾರೋ ಒಬ್ಬರು ಜರುಗಿದರು.

ನನಗೆ ಅದೊಂದೂ ಬೇಕಿರಲಿಲ್ಲ. ನನ್ನ ಕ್ಲಾಸಿನ ಹುಡುಗರು ಪಾರ್ಕಿನ ಗೋಡೆಯ ಮೇಲೆ ಕೂತು ನೋಡುತ್ತಿದ್ದರು. ನೆಲಕ್ಕೆ ಬಗ್ಗಿದ ಅಮ್ಮನ ಬೆನ್ನು, ಅವಳ ರವಿಕೆಯ ಮೇಲೆ ಅಂಟಿದ್ದ ಗೋಡೆಯ ಸುಣ್ಣ, ಮುದುಕಿಯ ಕಾಲು. ನಾನು ನಮಸ್ಕಾರ ಮಾಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, 'ಉಠೋ ಮಮ್ಮೀ, ಸಬ್ ದೇಖ್ ರಹೇ ಹೈಂ' ಎಂದೆ. ಏಳು, ಎಲ್ಲರೂ ನೋಡುತ್ತಿದ್ದಾರೆ. ಮನೆಯಲ್ಲಿ ಅವಳನ್ನು ನಾನು ಅಮ್ಮ ಎಂದು ಕರೆಯುತ್ತಿದ್ದೆ, ಮಮ್ಮೀ ಎಂದು ಕರೆದದ್ದು ಅದೊಂದೇ ಸಲ. ಅಮ್ಮನಿಗೆ ಅರ್ಥವಾಗಲಿ ಎಂದು ಹೇಳಿದ ಮಾತಲ್ಲ ಅದು, ಗೋಡೆಯ ಮೇಲಿದ್ದವರಿಗೆ ಕೇಳಲಿ ಎಂದು ಹೇಳಿದ್ದು.